ಹಳ್ಳದ ನೀರು ಮತ್ತು ಮಕ್ಕಳ ಸಾಕ್ಷ್ಯ

(ಮೂಡಿಗೆರೆಯಲ್ಲಿ ಪ್ರೌಢಶಾಲಾ ಶಿಕ್ಷಕರು, ಹೆತ್ತವರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಒಂದು ಸಣ್ಣ ಪ್ರಶ್ನೆಯೊಂದಿಗೆ ನಮ್ಮ ಮಾತನ್ನು ಆರಂಭಿಸುತ್ತೇವೆ. ನಿಮ್ಮ ಶಾಲೆಯ ಹಿಂದೆ ಹರಿಯುವ ಹಳ್ಳದ ಹೆಸರೇನು? ಅದು ಎಲ್ಲಿ ಹುಟ್ಟುತ್ತದೆ, ಯಾವ ನದಿಯನ್ನು ಸೇರುತ್ತದೆ? ಈ ಪ್ರಶ್ನೆಯನ್ನು ನಾವು ಹಲವು ತರಗತಿಗಳಲ್ಲಿ ಕೇಳಿದ್ದೇವೆ. ಗಂಗಾ ನದಿಯ ಉಗಮಸ್ಥಾನವನ್ನು ಥಟ್ಟನೆ ಹೇಳಬಲ್ಲ ಮಕ್ಕಳು, ಅಮೆಝಾನ್ ಕಾಡಿನ ಬಗ್ಗೆ ಒಂದು ಪುಟದ ಪ್ರಬಂಧ ಬರೆಯಬಲ್ಲ ಮಕ್ಕಳು, ತಾವು ದಿನವೂ ದಾಟಿ ಬರುವ ಹಳ್ಳದ ಬಗ್ಗೆ ಕೇಳಿದರೆ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಇದು ಮಕ್ಕಳ ತಪ್ಪಲ್ಲ. ಪರಿಸರವೆಂದರೆ ಎಲ್ಲೋ ದೂರದಲ್ಲಿರುವ, ಪರೀಕ್ಷೆಗೆ ಐದು ಅಂಕ ತರುವ ಒಂದು ಅಧ್ಯಾಯ ಎಂದು ಅವರಿಗೆ ಕಲಿಸಿದವರು ನಾವು. ಆದ್ದರಿಂದ ಉತ್ತರಿಸಬೇಕಾದವರೂ ನಾವೇ.

ಇಷ್ಟಕ್ಕೂ ನಾವು ಬದುಕುತ್ತಿರುವ ನೆಲ ಎಂಥದ್ದು? ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹೇಮಾವತಿ ಹುಟ್ಟುತ್ತದೆ. ಅದು ಗೊರೂರಿನ ಅಣೆಕಟ್ಟು ದಾಟಿ ಕಾವೇರಿಯಾಗುತ್ತದೆ. ಕುದುರೆಮುಖದ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟುವ ಭದ್ರೆ ಕಳಸ, ಬಾಳೆಹೊನ್ನೂರುಗಳ ಮೂಲಕ ಹರಿದು, ತುಂಗೆಯನ್ನು ಕೂಡಿಕೊಂಡು ಕೃಷ್ಣೆಯನ್ನು ಸೇರುತ್ತದೆ. ಅದೇ ಶ್ರೇಣಿಯಿಂದ ಇಳಿಯುವ ನೇತ್ರಾವತಿ ಪಶ್ಚಿಮಕ್ಕೆ ಧಾವಿಸಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಒಂದೇ ಮೋಡ ಸುರಿಸಿದ ಮಳೆ ಈ ಬೆಟ್ಟಗಳ ನೆತ್ತಿಯ ಮೇಲೆ ಎರಡಾಗಿ ಸೀಳಿ, ಒಂದು ಪಾಲು ಪೂರ್ವದ ಸಮುದ್ರಕ್ಕೂ ಇನ್ನೊಂದು ಪಾಲು ಪಶ್ಚಿಮದ ಸಮುದ್ರಕ್ಕೂ ಹೋಗುತ್ತದೆ. ಮಂಡ್ಯದ ಗದ್ದೆ, ಬಳ್ಳಾರಿಯ ಹೊಲ, ಮಂಗಳೂರಿನ ನಲ್ಲಿ ಇವೆಲ್ಲಕ್ಕೂ ನಮ್ಮ ಹಿತ್ತಿಲ ಹಳ್ಳದೊಂದಿಗೆ ಸಂಬಂಧವಿದೆ. ಇಂಥ ನೆಲದ ಮಕ್ಕಳು ತಮ್ಮ ಹಳ್ಳವನ್ನು ಅರಿಯದೇ ಹತ್ತನೆಯ ತರಗತಿ ದಾಟುತ್ತಾರೆಂದರೆ, ನಮ್ಮ ಶಿಕ್ಷಣದಲ್ಲಿ ಏನೋ ಕೊರತೆಯಿದೆ ಎಂದಲ್ಲವೇ ಅರ್ಥ?

ಸ್ಪರ್ಧೆ ಎಂದರೆ ಏನು?

ಇಂದಿನ ವಿಷಯ, ಪ್ರೌಢಶಾಲಾ ವಿದ್ಯಾರ್ಥಿಗಳು ತಂಡವಾಗಿ ಭಾಗವಹಿಸುವ ಪರಿಸರ ಮತ್ತು ನಿಸರ್ಗ ಸಂಪನ್ಮೂಲಗಳ ಸ್ಪರ್ಧೆ. ಇದು ಹೊಸ ಕಲ್ಪನೆಯೇನಲ್ಲ. 1979ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಇಂಥದೊಂದು ಸ್ಪರ್ಧೆ ಆರಂಭವಾಯಿತು. ಈಗ ಅದು 'ಎನ್ವಿರೋಥಾನ್' ಎಂದು ಪ್ರಸಿದ್ಧವಾಗಿದೆ. ಐದು ಮಕ್ಕಳ ಒಂದು ತಂಡ. ಮಣ್ಣು, ನೀರು, ಕಾಡು, ವನ್ಯಜೀವಿ ಎಂಬ ನಾಲ್ಕು ವಿಷಯಗಳು ಕಾಯಂ. ಐದನೆಯದು ಆಯಾ ವರ್ಷದ ಒಂದು ಜ್ವಲಂತ ಪರಿಸರ ಸಮಸ್ಯೆ. ಪರೀಕ್ಷೆಯ ಬಹುಪಾಲು ಬಯಲಿನಲ್ಲೇ ನಡೆಯುತ್ತದೆ. ಮಕ್ಕಳು ಮಣ್ಣಿನ ಗುಂಡಿಗೆ ಇಳಿದು ಅದರ ಪದರಗಳನ್ನು ಗುರುತಿಸಬೇಕು, ಮರದ ಸುತ್ತಳತೆ ಅಳೆಯಬೇಕು, ತೊರೆಯ ನೀರನ್ನು ಪರೀಕ್ಷಿಸಬೇಕು. ಕೊನೆಗೆ ಒಂದು ನೈಜ ಸಮಸ್ಯೆಗೆ ತಂಡವಾಗಿ ಪರಿಹಾರ ರೂಪಿಸಿ ತೀರ್ಪುಗಾರರ ಮುಂದೆ ಸಮರ್ಥಿಸಬೇಕು.

ನಮ್ಮ ದೇಶದಲ್ಲಿ ಇದಕ್ಕೆ ಅತ್ಯಂತ ಹತ್ತಿರವಾದದ್ದು 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಇದರ ಹಿಂದಿದೆ. ಕರ್ನಾಟಕದಲ್ಲಿ ಬಹುಕಾಲದಿಂದ ಇದನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಿದ್ದು 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಹತ್ತರಿಂದ ಹದಿನೇಳು ವರ್ಷದ ಮಕ್ಕಳು ಭಾಗವಹಿಸಬಹುದು. ಒಂದು ಮುಖ್ಯ ವಿಷಯವನ್ನು ಎರಡು ವರ್ಷಗಳ ಕಾಲ ಇಡಲಾಗುತ್ತದೆ. ಜೀವವೈವಿಧ್ಯ, ಭೂಸಂಪನ್ಮೂಲ, ಶಕ್ತಿ, ಹವಾಮಾನ, ಪರಿಸರ ವ್ಯವಸ್ಥೆ ಹೀಗೆ ವಿಷಯಗಳು ಬದಲಾಗುತ್ತಾ ಬಂದಿವೆ. ಆದರೆ ಮೂಲ ಷರತ್ತು ಮಾತ್ರ ಬದಲಾಗಿಲ್ಲ. ಮಕ್ಕಳು ತಮ್ಮ ಊರಿನ ಸಮಸ್ಯೆಯೊಂದನ್ನು ಆರಿಸಿಕೊಳ್ಳಬೇಕು. ತಾವೇ ನೋಡಬೇಕು, ಅಳೆಯಬೇಕು, ಎಣಿಸಬೇಕು, ದಿನಚರಿ ಪುಸ್ತಕದಲ್ಲಿ ಬರೆದಿಡಬೇಕು. ಬಳಿಕ ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟಗಳಲ್ಲಿ ಅದನ್ನು ಮಂಡಿಸಬೇಕು. ಇದು ಥರ್ಮೋಕೋಲ್ ತಂದು ಮಾದರಿ ಮಾಡಿ ನಿಲ್ಲಿಸುವ ವಸ್ತುಪ್ರದರ್ಶನ ಅಲ್ಲ. ಈ ವ್ಯತ್ಯಾಸವನ್ನು ನಮ್ಮ ಅನೇಕ ಶಾಲೆಗಳು ಇನ್ನೂ ಅರ್ಥ ಮಾಡಿಕೊಂಡಿಲ್ಲ.

ಈ ಸಮಾವೇಶದ ಎರಡು ನಿಯಮಗಳತ್ತ ನಿಮ್ಮ ಗಮನ ಸೆಳೆಯಲು ಬಯಸುತ್ತೇವೆ. ಒಂದು, ಮಕ್ಕಳು ತಮ್ಮ ಭಾಷೆಯಲ್ಲೇ ಮಂಡಿಸಬಹುದು. ಇಂಗ್ಲಿಷ್ ಬಾರದ ಮಗು ಹಿಂದೆ ಸರಿಯಬೇಕಾಗಿಲ್ಲ. ಎರಡು, ಶಾಲೆ ಬಿಟ್ಟ ಮಕ್ಕಳಿಗೂ ಇದರ ಬಾಗಿಲು ತೆರೆದಿದೆ. ಕಾಗದದ ಮೇಲಿರುವ ಈ ಉದಾತ್ತ ನಿಯಮ ನಮ್ಮ ಕಾಫಿ ಸೀಮೆಯಲ್ಲಿ ಎಷ್ಟು ಜೀವಂತವಾಗಿದೆ? ಈ ಪ್ರಶ್ನೆಗೆ ಮುಂದೆ ಬರುತ್ತೇವೆ.

ಮೊದಲು ಐದು ಮಕ್ಕಳವರೆಗೂ ಇದ್ದ ಈ ತಂಡದ ಗಾತ್ರ ಈಚಿನ ವರ್ಷಗಳಲ್ಲಿ ಇಬ್ಬರಿಗೆ ಇಳಿದಿದೆ. ಖರ್ಚು, ವಸತಿ, ಪ್ರಯಾಣಗಳ ಲೆಕ್ಕದಲ್ಲಿ ಅದು ಸರಿಯಿರಬಹುದು. ಆದರೆ ನಮ್ಮ ದೃಷ್ಟಿಯಲ್ಲಿ ಐವರ ತಂಡದಲ್ಲಿ ಒಂದು ಪುಟ್ಟ ಸಮಾಜವೇ ಇತ್ತು. ವೇದಿಕೆಯ ಮೇಲೆ ಇಬ್ಬರೇ ನಿಲ್ಲಲಿ, ಆದರೆ ಹಳ್ಳಕ್ಕೆ ಇಳಿಯುವಾಗ ಐವರು ಇರಲಿ ಎಂಬುದು ನಮ್ಮ ವಿನಂತಿ.

ತಂಡದೊಳಗಿನ ಸಮಾಜ

ಯಾಕೆ ಈ ಒತ್ತಾಯ? ನಮ್ಮ ತರಗತಿಗಳನ್ನು ಒಮ್ಮೆ ನೋಡಿರಿ. ತೋಟದ ಲೈನ್ ಮನೆಯಿಂದ ಬರುವ ಮಗುವಿಗೆ ಯಾವ ಗಿಡದ ಎಲೆ ತುರಿಕೆ ತರುತ್ತದೆ, ಯಾವ ಕಲ್ಲಿನಡಿ ಏಡಿ ಇರುತ್ತದೆ, ಯಾವ ತಿಂಗಳಲ್ಲಿ ಹಳ್ಳದ ನೀರಿನ ಬಣ್ಣ ಬದಲಾಗುತ್ತದೆ ಎಂಬುದು ಗೊತ್ತು. ಆದರೆ ಅದು ಜ್ಞಾನ ಎಂದು ಯಾರೂ ಅದಕ್ಕೆ ಹೇಳಿಲ್ಲ. ಕಾಫಿ, ಕಾಳುಮೆಣಸಿನ ವ್ಯಾಪಾರ ಮಾಡುವ ಬ್ಯಾರಿ ಮನೆಯ ಹುಡುಗಿಗೆ ತೂಕ, ತೇವಾಂಶ, ದರಗಳ ಲೆಕ್ಕ ನಾಲಗೆ ತುದಿಯಲ್ಲಿರುತ್ತದೆ. ಬೆಳೆಗಾರರ ಮನೆಯ ಹುಡುಗನಿಗೆ ತಾತನ ಕಾಲದಿಂದ ಬರೆದಿಟ್ಟ ಮಳೆಯ ಪುಸ್ತಕ ತೆರೆದು ತೋರಿಸುವ ಅವಕಾಶವಿರುತ್ತದೆ. ಗದ್ದೆಯಿರುವ ಮನೆಯ ಮಗುವಿಗೆ ನೀರಿನ ದಾರಿ ಗೊತ್ತಿರುತ್ತದೆ. ಒಂದೇ ತರಗತಿಯಲ್ಲಿ ಕುಳಿತರೂ ಇವರು ಒಬ್ಬರ ಮನೆಗೆ ಒಬ್ಬರು ಹೋದವರಲ್ಲ. ಹಳ್ಳದ ದಡದಲ್ಲಿ ಒಂದು ಸಮಸ್ಯೆಯ ಮುಂದೆ ಕುಳಿತಾಗ ಮಾತ್ರ ಇವರಿಗೆ ಒಬ್ಬರ ಅಗತ್ಯ ಇನ್ನೊಬ್ಬರಿಗಿದೆ ಎಂಬುದು ಮನವರಿಕೆಯಾಗುತ್ತದೆ. ಸೌಹಾರ್ದದ ಬಗ್ಗೆ ನೂರು ಭಾಷಣಗಳು ಮಾಡಲಾಗದ ಕೆಲಸವನ್ನು ಒಂದು ಅಳತೆ ಟೇಪು ಮಾಡಬಲ್ಲದು.

ಈ ಸಂದರ್ಭದಲ್ಲಿ ನಾವೊಂದು ಕಹಿ ಮಾತನ್ನು ಹೇಳಲೇಬೇಕು. ಏಳು ಕಾಫಿ ಬೀಜಗಳನ್ನು ಯೆಮನ್‌ನಿಂದ ಬಾಬಾ ಬುಡನ್ ತಂದು ನಮ್ಮ ಜಿಲ್ಲೆಯ ಬೆಟ್ಟದಲ್ಲಿ ಬಿತ್ತಿದರು ಎಂಬ ಐತಿಹ್ಯವನ್ನು ಎಲ್ಲರೂ ಬಲ್ಲಿರಿ. ಹದಿನೇಳನೆಯ ಶತಮಾನದ ಕತೆ ಅದು. ಇಂದು ಈ ಜಿಲ್ಲೆಯ ಲಕ್ಷಾಂತರ ಮಂದಿಯ ಅನ್ನ ಆ ಬೆಳೆಯಲ್ಲಿದೆ. ಅನ್ನ ಉಣ್ಣುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಆದರೆ ಕಳೆದ ಕೆಲವು ದಶಕಗಳಲ್ಲಿ ಆ ಬೆಟ್ಟದ ಹೆಸರೆತ್ತಿದರೆ ನೆನಪಾಗುವುದು ವಿವಾದ, ಮೆರವಣಿಗೆ, ಪೊಲೀಸ್ ಬಂದೋಬಸ್ತು. ಅದೇ ಬೆಟ್ಟದ ಕಣಿವೆಗಳಲ್ಲಿ ಶೋಲಾ ಕಾಡಿದೆ. ಮಳೆಯ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲೂ ತೊಟ್ಟಿಕ್ಕಿಸುವ ಕಾಡು ಅದು. ಬೆಟ್ಟ ಯಾರದು ಎಂದು ಕೇಳಿದಷ್ಟು ಗಟ್ಟಿಯಾಗಿ, ಬೆಟ್ಟದ ನೀರು ಏನಾಯಿತು ಎಂದು ನಮ್ಮಲ್ಲಿ ಯಾರಾದರೂ ಕೇಳಿದ್ದೇವೆಯೇ? ನಮ್ಮ ಮಕ್ಕಳಾದರೂ ಕೇಳಲಿ.

ಈ ಬೆಟ್ಟಗಳ ಪ್ರಶ್ನೆಪತ್ರಿಕೆ

ಹಾಗಾದರೆ ಯಾವ ವಿಷಯ ಆರಿಸಿಕೊಳ್ಳಬೇಕು? ಶಿಕ್ಷಕರು ನಮ್ಮಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಓಝೋನ್ ಪದರ, ಜಾಗತಿಕ ತಾಪಮಾನ, ಪ್ಲಾಸ್ಟಿಕ್ ಎಂದು ಹೊರಗೆ ಹುಡುಕಬೇಕಾದ ಅಗತ್ಯವಿಲ್ಲ. ಪ್ರಶ್ನೆಪತ್ರಿಕೆ ನಮ್ಮ ಕಾಲ ಕೆಳಗೇ ಇದೆ.

ಮಳೆಯನ್ನೇ ತೆಗೆದುಕೊಳ್ಳಿರಿ. ಮಾರ್ಚ್, ಏಪ್ರಿಲ್‌ನ ಹೂಮಳೆ ಸಕಾಲಕ್ಕೆ ಬಂದರೆ ಬೆಳೆ, ತಪ್ಪಿದರೆ ಸಾಲ. ಆದ್ದರಿಂದಲೇ ನಮ್ಮ ತೋಟಗಳಲ್ಲಿ ಮಳೆಮಾಪಕ ಇಟ್ಟು ದಿನವೂ ಬರೆಯುವ ಪದ್ಧತಿ ಬಹಳ ಹಿಂದಿನದು. ಕೆಲವು ಮನೆಗಳಲ್ಲಿ ಮೂರು ತಲೆಮಾರಿನ ಲೆಕ್ಕ ಸಿಗುತ್ತದೆ. ಮಕ್ಕಳು ನಾಲ್ಕು ಮನೆಗಳ ಪುಸ್ತಕ ಪಡೆದು, ಒಟ್ಟು ಮಳೆ ಕಡಿಮೆಯಾಯಿತೇ ಅಥವಾ ಅಷ್ಟೇ ಮಳೆ ಕಡಿಮೆ ದಿನಗಳಲ್ಲಿ ಸುರಿಯುತ್ತಿದೆಯೇ ಎಂದು ನೋಡಲಿ. ಇವೆರಡೂ ಬೇರೆ ಬೇರೆ ಸಂಗತಿಗಳು. 2019ರ ಆಗಸ್ಟ್‌ನಲ್ಲಿ ಇದೇ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜಾರಿ ಮನೆ, ತೋಟ, ಗದ್ದೆಗಳು ಮಣ್ಣುಪಾಲಾದುದನ್ನು ಯಾರು ಮರೆಯಬಲ್ಲರು? ಗುಡ್ಡದ ಇಳಿಜಾರು, ಕಡಿದ ರಸ್ತೆ, ತಡೆದ ನೀರಿನ ದಾರಿ, ಬೇರು ಕಿತ್ತ ಮರ ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದನ್ನು ತಿಳಿಯಲು ಮೊದಲು ನಕ್ಷೆ ಬೇಕು. ಆ ನಕ್ಷೆಯನ್ನು ಹದಿನಾಲ್ಕರ ಮಕ್ಕಳು ಬರೆಯಬಲ್ಲರು.

ನೆರಳಿನ ಮರಗಳನ್ನು ನೋಡಿರಿ. ನಮ್ಮ ಕಾಫಿ ಬಯಲಿನ ಬೆಳೆಯಲ್ಲ, ನೆರಳಿನ ಬೆಳೆ. ಅತ್ತಿ, ಹಲಸು, ನಂದಿ, ಬೀಟೆ, ಹೊನ್ನೆ ಇವು ಮೇಲಿನ ನೆರಳಾದರೆ ಹಾಲುವಾಣ ಕೆಳಗಿನ ನೆರಳು. ಇಂದು ಹಲವು ತೋಟಗಳಲ್ಲಿ ಆ ಜಾಗವನ್ನು ಸಿಲ್ವರ್ ಓಕ್ ಆಕ್ರಮಿಸಿದೆ. ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿಗೆ ನೇರ ಕಂಬ, ಕಡಿಯಲು ಅಡ್ಡಿಗಳೂ ಕಡಿಮೆ. ಬೆಳೆಗಾರನ ಲೆಕ್ಕ ಅರ್ಥವಾಗುವಂಥದ್ದೇ. ಆದರೆ ಅತ್ತಿಮರದಲ್ಲಿ ಹಣ್ಣಾದಾಗ ಬರುವ ಹಕ್ಕಿಗಳು ಸಿಲ್ವರ್ ಓಕ್‌ಗೆ ಬರುತ್ತವೆಯೇ? ನೆರಳು ತೆಳುವಾದ ತೋಟದಲ್ಲಿ ಅರೇಬಿಕಾ ಗಿಡಗಳಿಗೆ ಬಿಳಿ ಕಾಂಡಕೊರಕದ ಕಾಟ ಹೆಚ್ಚು ಎಂದು ತಜ್ಞರು ಹೇಳುತ್ತಾ ಬಂದಿದ್ದಾರೆ. 1925ರಲ್ಲಿ ಆರಂಭಗೊಂಡ ಕಾಫಿ ಸಂಶೋಧನಾ ಕೇಂದ್ರ ನಮ್ಮದೇ ಜಿಲ್ಲೆಯಲ್ಲಿ, ಬಾಳೆಹೊನ್ನೂರಿನ ಸಮೀಪದಲ್ಲಿದೆ. ಮಕ್ಕಳು ಎರಡು ತೋಟಗಳಲ್ಲಿ ಒಂದೇ ಅಳತೆಯ ತುಂಡು ನೆಲ ಗುರುತಿಸಿ, ಮರದ ಜಾತಿ ಎಣಿಸಿ, ಬೆಳಗಿನ ಅರ್ಧ ಗಂಟೆಯ ಹಕ್ಕಿಗಳನ್ನು ಎಣಿಸಿ, ಕೊರಕ ತಗಲಿದ ಗಿಡಗಳನ್ನು ಎಣಿಸಿದರೆ ಅದೇ ಒಂದು ಸಂಶೋಧನೆ. 2007ರಲ್ಲಿ ತೀರಿಕೊಳ್ಳುವವರೆಗೂ ಇದೇ ಮೂಡಿಗೆರೆಯ ತೋಟದಲ್ಲಿ ಬದುಕಿದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿ, ಮೀನು, ಹುಳುಗಳನ್ನು ನೋಡಿದ ರೀತಿಯನ್ನು ಇಡೀ ಕನ್ನಡ ನಾಡು ಮೆಚ್ಚಿಕೊಂಡಿತು. ಮೆಚ್ಚಿದ ನಾವು ನಮ್ಮ ಮಕ್ಕಳಿಗೆ ನೋಡಲು ಬಿಡುತ್ತಿದ್ದೇವೆಯೇ?

ಇನ್ನು ಕುದುರೆಮುಖ. 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರು ಕಂಪೆನಿ ಭದ್ರೆಯ ಮಡಿಲಲ್ಲೇ ಬೆಟ್ಟ ಬಗೆಯಿತು. 1987ರಲ್ಲಿ ಸುತ್ತಲ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಮೇಲೂ ಗಣಿಗಾರಿಕೆ ನಿಲ್ಲಲಿಲ್ಲ. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ಹೂಳು ಮಾತ್ರ ಇಂದಿಗೂ ಇದೆ. ಇಂದು ಪ್ರೌಢಶಾಲೆಯಲ್ಲಿರುವ ಯಾವ ಮಗುವೂ ಆಗ ಹುಟ್ಟಿರಲಿಲ್ಲ. ಕಳಸದ ಮಕ್ಕಳು ಹಿರಿಯರ ಬಳಿ ಕುಳಿತು ಕೇಳಲಿ. ಗಣಿಯಿದ್ದಾಗ ಭದ್ರೆಯ ನೀರು ಹೇಗಿತ್ತು, ಗದ್ದೆಗೆ ಏನು ಬರುತ್ತಿತ್ತು, ಗಣಿ ನಿಂತಾಗ ಕೆಲಸ ಕಳೆದುಕೊಂಡವರ ಮನೆಯಲ್ಲಿ ಏನಾಯಿತು? ಎರಡೂ ಕಡೆಯ ಮಾತನ್ನು ಬರೆದುಕೊಳ್ಳಲಿ. ಪರಿಸರದ ಲೆಕ್ಕದಲ್ಲಿ ಮನುಷ್ಯನನ್ನು ಬಿಡುವುದು ಎಷ್ಟು ತಪ್ಪೋ, ಮನುಷ್ಯನ ಲೆಕ್ಕದಲ್ಲಿ ಹೊಳೆಯನ್ನು ಬಿಡುವುದೂ ಅಷ್ಟೇ ತಪ್ಪು.

ಒಂದು ತಪ್ಪೊಪ್ಪಿಗೆ

ಬಂಧುಗಳೇ, ಇಷ್ಟು ಹೊತ್ತು ಉಪದೇಶ ಮಾಡಿದೆವು. ಈಗ ನಮ್ಮದೇ ಒಂದು ಸೋಲಿನ ಕತೆಯನ್ನು ಹೇಳಬೇಕಾಗಿದೆ. ಹೇಳದಿದ್ದರೆ ಈ ಭಾಷಣಕ್ಕೆ ಅರ್ಥವಿಲ್ಲ.

ತಂಡಕ್ಕೆ ಐವರಿದ್ದ ಕಾಲ ಅದು. ನಾವು ಇಬ್ಬರು ಸೇರಿ ಒಂದು ತಂಡಕ್ಕೆ ಮಾರ್ಗದರ್ಶನ ಮಾಡಿದ್ದೆವು. ಮೂವರು ಹುಡುಗಿಯರು, ಇಬ್ಬರು ಹುಡುಗರು. ಅವರಲ್ಲಿ ಒಬ್ಬಳು ಲೈನ್ ಮನೆಯ ಹುಡುಗಿ. ವಿಷಯ ಸೂಚಿಸಿದವಳು ಅವಳೇ. "ಸಾರ್, ಕೊಯ್ಲು ಶುರುವಾದರೆ ನಮ್ಮ ಹಳ್ಳದ ನೀರು ವಾಸನೆ ಬರುತ್ತದೆ. ಏಡಿಗಳು ದಡಕ್ಕೆ ಹತ್ತುತ್ತವೆ. ಯಾಕೆ?" ಎಂದು ಕೇಳಿದಳು. ಸಮಾವೇಶ ಮಕ್ಕಳಿಂದ ಬಯಸುವುದು ಇಂಥ ಪ್ರಶ್ನೆಯನ್ನೇ.

ಕಾರಣ ತಿಳಿಯದ್ದೇನಲ್ಲ. ಅರೇಬಿಕಾ ಹಣ್ಣಿನ ಸಿಪ್ಪೆ ಸುಲಿದು ಪಾರ್ಚ್‌ಮೆಂಟ್ ಮಾಡುವಾಗ ಪಲ್ಪಿಂಗ್‌ಗೆ ಬಹಳಷ್ಟು ನೀರು ಬೇಕು. ಬೀಜಕ್ಕಂಟಿದ ಲೋಳೆಯಲ್ಲಿ ಸಕ್ಕರೆಯ ಅಂಶವಿರುತ್ತದೆ. ಆ ನೀರನ್ನು ಹಾಗೆಯೇ ಬಿಟ್ಟರೆ ಹುಳಿಯುತ್ತದೆ. ಸೂಕ್ಷ್ಮಾಣುಗಳು ಆ ಸಕ್ಕರೆಯನ್ನು ತಿನ್ನುವ ಭರದಲ್ಲಿ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬರಿದು ಮಾಡುತ್ತವೆ. ಮೀನು, ಏಡಿಗಳಿಗೆ ಉಸಿರು ಕಟ್ಟುತ್ತದೆ. ನವೆಂಬರಿನಿಂದ ಜನವರಿಯವರೆಗೆ ಪಲ್ಪಿಂಗ್ ಜೋರು. ಹಳ್ಳದ ಹರಿವು ಕುಗ್ಗುವುದೂ ಅದೇ ತಿಂಗಳುಗಳಲ್ಲಿ. ಕೊಳೆ ಹೆಚ್ಚುವ ಹೊತ್ತಿಗೇ ಅದನ್ನು ತೊಳೆಯುವ ನೀರು ಕಡಿಮೆಯಾಗುತ್ತದೆ.

ಮಕ್ಕಳು ಪಲ್ಪರ್ ಮನೆಯ ಮೇಲಕ್ಕೆ ಒಂದು ಜಾಗ, ಕೆಳಕ್ಕೆ ಎರಡು ಜಾಗ ಗುರುತಿಸಿದರು. ಮಳೆ ನಿಂತ ಮೇಲೆ ಒಮ್ಮೆ, ಪಲ್ಪಿಂಗ್ ಆರಂಭವಾದ ಮೇಲೆ ಮತ್ತೆ ಅಳೆದರು. ಉಪಕರಣವೆಂದರೆ ಪಿಎಚ್ ಕಾಗದ, ಒಂದು ಥರ್ಮಾಮೀಟರ್, ಟೀ ಸೋಸುವ ಜರಡಿ, ಬಿಳಿ ತಟ್ಟೆ ಅಷ್ಟೇ. ಕಲ್ಲು ಎತ್ತಿ ಅದರಡಿಯ ಹುಳುಮರಿಗಳನ್ನು ತಟ್ಟೆಗೆ ಹಾಕಿ ಎಣಿಸಿದರು. ಬಾಲದಲ್ಲಿ ಎಳೆಗಳಿರುವ ಮರಿಗಳು, ಮರಳುಕಾಳಿನ ಗೂಡು ಕಟ್ಟಿಕೊಂಡಿರುವ ಮರಿಗಳು ಸಾಮಾನ್ಯವಾಗಿ ಶುದ್ಧ ನೀರಿನಲ್ಲಿ ಬದುಕುತ್ತವೆ. ಕೆಂಪು ಹುಳುಗಳು ಕೊಳಕು ನೀರನ್ನೂ ತಾಳಿಕೊಳ್ಳುತ್ತವೆ. ಮೊದಲ ಸಲ ಮೂರೂ ಜಾಗಗಳು ಹೆಚ್ಚುಕಡಿಮೆ ಒಂದೇ ರೀತಿಯಿದ್ದವು. ಎರಡನೆಯ ಸಲ ಮೇಲಿನ ಜಾಗ ಹಾಗೆಯೇ ಇತ್ತು. ಕೆಳಗಿನ ಮೊದಲ ಜಾಗದಲ್ಲಿ ಕೆಂಪು ಹುಳುಗಳ ಹೊರತು ಬೇರೇನೂ ಸಿಗಲಿಲ್ಲ. ಲೈನ್ ಮನೆಗಳವರು ಬಟ್ಟೆ, ಪಾತ್ರೆ ತೊಳೆಯುತ್ತಿದ್ದುದು ಆ ಜಾಗದಲ್ಲೇ.

ಮಕ್ಕಳ ಉತ್ಸಾಹಕ್ಕೆ ಎಣೆಯಿರಲಿಲ್ಲ. ಆದರೆ ಜಿಲ್ಲಾ ಮಟ್ಟದ ಮಂಡನೆಗೆ ಎರಡು ವಾರ ಇರುವಾಗ ನಮ್ಮನ್ನು ಕರೆದು ಮಾತಾಡಲಾಯಿತು. ಯಾರೂ ಬೆದರಿಸಲಿಲ್ಲ. ಬಹಳ ಮೃದುವಾದ ಮಾತು. ಶಾಲೆಯ ಕಟ್ಟಡಕ್ಕೆ ಯಾರು ಹಣ ಕೊಟ್ಟರು, ಬಿಸಿಯೂಟದ ತಟ್ಟೆ ಕೊಡಿಸಿದವರು ಯಾರು ಎಂಬುದನ್ನು ನೆನಪಿಸಲಾಯಿತು. "ಮಕ್ಕಳಿಗೆ ಇದೆಲ್ಲ ಯಾಕೆ? ಮರಗಳ ಮಹತ್ವ ಎಂದು ಏನಾದರೂ ಮಾಡಿಸಿ" ಎನ್ನಲಾಯಿತು. ನಾವು ಒಪ್ಪಿಕೊಂಡೆವು. ಮಕ್ಕಳಿಗೆ, ಸಮಯ ಸಾಲದು, ಅಂಕಿ-ಅಂಶ ಸಾಲದು ಎಂದು ಸುಳ್ಳು ಕಾರಣ ಕೊಟ್ಟೆವು. ಎರಡು ವಾರದಲ್ಲಿ ಪುಸ್ತಕಗಳಿಂದ ಒಂದು ವರದಿ ಸಿದ್ಧವಾಯಿತು.

ಜಿಲ್ಲಾ ಸಮಾವೇಶದಲ್ಲಿ ತೀರ್ಪುಗಾರರೊಬ್ಬರು ವರದಿ ತಿರುವಿ ಹಾಕಿ ಕೇಳಿದರು: "ಇದರಲ್ಲಿ ನೀವೇ ಕಣ್ಣಾರೆ ನೋಡಿದ್ದು ಯಾವುದು?" ಆ ಹುಡುಗಿ ನಮ್ಮತ್ತ ತಿರುಗಿ ನೋಡಿದಳು. ನಾವು ಗೋಡೆ ನೋಡಿದೆವು. ಅವಳು ಏನೂ ಹೇಳಲಿಲ್ಲ.

ತಂಡ ಮುಂದಿನ ಹಂತಕ್ಕೆ ಹೋಗಲಿಲ್ಲ. ಅದು ನ್ಯಾಯವೇ. ಮುಂದಿನ ವರ್ಷ ಅವಳ ಮನೆಯವರು ಬೇರೆ ತೋಟಕ್ಕೆ ಕೆಲಸಕ್ಕೆ ಹೋದರು. ಅವಳು ಎಲ್ಲಿ ಓದಿದಳೋ, ಓದಿದಳೋ ಇಲ್ಲವೋ ಎಂಬುದನ್ನು ನಾವು ವಿಚಾರಿಸಲಿಲ್ಲ. ಹಳ್ಳದ ಲೆಕ್ಕ ಬರೆದ ದಿನಚರಿ ಪುಸ್ತಕ ಮಾತ್ರ ನಮ್ಮ ಕಪಾಟಿನಲ್ಲಿದೆ. ಅದರ ಎರಡನೆಯ ಅಳತೆಯ ಪುಟದಲ್ಲಿ ಅವಳ ಅಕ್ಷರದಲ್ಲಿ ದಿನಾಂಕ, ಹೊತ್ತು, ನೀರಿನ ಬಣ್ಣ, ಹುಳುಗಳ ಸಂಖ್ಯೆ ಎಲ್ಲವೂ ಸರಿಯಾಗಿವೆ. ಅಂಕಿ-ಅಂಶಕ್ಕೆ ಯಾವ ಕೊರತೆಯೂ ಇರಲಿಲ್ಲ. ಕೊರತೆಯಿದ್ದದ್ದು ನಮ್ಮ ಧೈರ್ಯಕ್ಕೆ.

ಸತ್ಯ ಯಾರ ಶತ್ರು?

ಹಿಂತಿರುಗಿ ನೋಡಿದಾಗ ಇನ್ನೊಂದು ತಪ್ಪು ಕಾಣುತ್ತದೆ. ನಾವು ಆ ತೋಟದವರ ಬಳಿ ಒಮ್ಮೆಯೂ ನೇರವಾಗಿ ಹೋಗಲಿಲ್ಲ. ಅವರು ಕೋಪಿಸಿಕೊಳ್ಳುತ್ತಾರೆಂದು ನಾವೇ ತೀರ್ಮಾನಿಸಿದೆವು, ನಮ್ಮನ್ನು ಕರೆದು ಮಾತಾಡಿದವರೂ ಹಾಗೆಯೇ ತೀರ್ಮಾನಿಸಿದ್ದರು. ಮಕ್ಕಳನ್ನು ಕರೆದುಕೊಂಡು ಹೋಗಿ, ತಟ್ಟೆಯಲ್ಲಿದ್ದುದನ್ನು ತೋರಿಸಿ, "ನೀವೇ ನೋಡಿ" ಎಂದಿದ್ದರೆ? ಪಲ್ಪಿಂಗ್ ನೀರನ್ನು ಸುಣ್ಣ ಹಾಕಿ ಹುಳಿ ಇಳಿಸಿ, ಹೊಂಡಗಳಲ್ಲಿ ತಂಗಿಸಿ ಬಿಡುವ ಕ್ರಮ ಇದೆ. ಕಡಿಮೆ ನೀರು ಬಳಸುವ ಯಂತ್ರಗಳು ಬಂದಿವೆ. ಇವನ್ನು ಅಳವಡಿಸಿಕೊಂಡ ತೋಟಗಳೂ ನಮ್ಮಲ್ಲಿವೆ. ಬೆಳೆಗಾರರೆಂದರೆ ಎಲ್ಲರೂ ಬಂಗಲೆಯವರಲ್ಲ. ದೇಶದ ಕಾಫಿ ಬೆಳೆಗಾರರಲ್ಲಿ ಶೇ. 98ಕ್ಕೂ ಹೆಚ್ಚು ಮಂದಿ ಸಣ್ಣ ಹಿಡುವಳಿದಾರರು. ದರ ಬಿದ್ದರೆ ಬೀಳುವವರು. ಅವರನ್ನು ಅಪರಾಧಿಗಳನ್ನಾಗಿ ನಿಲ್ಲಿಸುವುದು ಮಕ್ಕಳ ಕೆಲಸವಲ್ಲ. ಆದರೆ ಕಂಡದ್ದನ್ನು ಕಂಡಂತೆ ಹೇಳುವುದು ಖಂಡಿತ ಮಕ್ಕಳ ಕೆಲಸ. ಆ ಮಾತನ್ನು ಕೇಳಿಸಿಕೊಳ್ಳುವುದು ಹಿರಿಯರ ಕೆಲಸ.

ಸರಕಾರದ ಪಾಲೂ ಇದರಲ್ಲಿ ಕಡಿಮೆಯೇನಲ್ಲ. ಜಲಮಾಲಿನ್ಯ ತಡೆಯುವ ಕಾನೂನು 1974ರಲ್ಲೇ ಬಂತು. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು 1991ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2001ರಿಂದ ರಾಷ್ಟ್ರೀಯ ಹಸಿರು ಪಡೆಯ ಹೆಸರಿನಲ್ಲಿ ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ಹುಟ್ಟಿಕೊಂಡವು. ಇಷ್ಟೆಲ್ಲ ಇದ್ದೂ ಏನಾಗಿದೆ? ಜೂನ್ 5 ಬಂದರೆ ಕಳೆದ ವರ್ಷದ ಗುಂಡಿಯಲ್ಲೇ ಈ ವರ್ಷದ ಸಸಿ. ಮುಖ್ಯ ಅತಿಥಿ ಸಸಿ ಹಿಡಿದು ನಿಲ್ಲುತ್ತಾರೆ, ಫೋಟೋ ತೆಗೆಯಲಾಗುತ್ತದೆ, ಜುಲೈಯಲ್ಲಿ ಆಡು ಮೇಯುತ್ತದೆ. ಎಷ್ಟೋ ಶಾಲೆಗಳಲ್ಲಿ ಇಕೋ ಕ್ಲಬ್ ಎಂಬುದು ಕಚೇರಿಯ ಗೋಡೆಯ ಮೇಲಿನ ಒಂದು ಫಲಕ. ಶಿಕ್ಷಕರನ್ನೇ ದೂರುವಂತಿಲ್ಲ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕಗಳ ಮಧ್ಯೆ ಅವರಿಗೆ ಹಳ್ಳಕ್ಕೆ ಹೋಗಲು ಬಿಡುವೆಲ್ಲಿದೆ? ಮಕ್ಕಳ ಕೈಗೆ ಘೋಷಣೆಯ ಫಲಕ ಕೊಟ್ಟು ಮೆರವಣಿಗೆ ಮಾಡಿಸುವುದು ಸುಲಭ. ಅಳತೆಗೋಲು ಕೊಡುವುದು ಕಷ್ಟ, ಯಾಕೆಂದರೆ ಅಳೆದವರು ಉತ್ತರ ಕೇಳುತ್ತಾರೆ.

ಏನು ಮಾಡಬಹುದು?

ಕೊನೆಯದಾಗಿ ಕೆಲವು ಸಲಹೆಗಳನ್ನು ನಿಮ್ಮ ಮುಂದಿಡುತ್ತೇವೆ.

ಒಂದು, ತಂಡವನ್ನು ಅಂಕಪಟ್ಟಿ ನೋಡಿ ಆರಿಸಬೇಡಿ. ಬಾಯಿ ಜೋರಿರುವ ಇಬ್ಬರನ್ನು ಕರೆದು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಬೇಡಿ. ಪ್ರತಿ ತಂಡದಲ್ಲೂ ಲೈನ್ ಮನೆಯ ಒಂದು ಮಗುವಾದರೂ ಇರಲಿ, ಹುಡುಗಿಯರು ಇರಲಿ. ಶಾಲೆ ಬಿಟ್ಟು ತೋಟದಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಿರುವ ಮಗುವನ್ನೂ ಕರೆಯಿರಿ. ನಿಯಮ ಅವಕಾಶ ಕೊಟ್ಟಿದೆ, ನಾವು ಕೊಟ್ಟಿಲ್ಲ. ಹಳ್ಳದ ನೆಪದಲ್ಲಿ ಬಂದ ಮಗು ತರಗತಿಗೂ ಮರಳಬಹುದು.

ಎರಡು, ಕೊಯ್ಲಿನ ಕಾಲಕ್ಕೆ ದುಡಿಯಲು ಬರುವ, ಕೊಯ್ಲು ಮುಗಿದೊಡನೆ ಹೊರಡುವ ಕುಟುಂಬಗಳ ಮಕ್ಕಳ ಹೆಸರು ಹಾಜರಿ ಪುಸ್ತಕದಿಂದ ಸದ್ದಿಲ್ಲದೆ ಮಾಯವಾಗುತ್ತದೆ. ಹೋಗುವ ಮಗುವಿನ ಮುಂದಿನ ಶಾಲೆ ಯಾವುದೆಂದು ಕೇಳಿ ಬರೆದುಕೊಳ್ಳುವ ಕನಿಷ್ಠ ಸೌಜನ್ಯ ನಮ್ಮಲ್ಲಿರಲಿ. ನಾವು ಅದನ್ನು ಮಾಡಲಿಲ್ಲ. ನೀವು ಮಾಡಿರಿ.

ಮೂರು, ವರದಿಯನ್ನು ಮಕ್ಕಳೇ ಬರೆಯಲಿ. ಅಪ್ಪಂದಿರು ಬರೆದ, ಕಂಪ್ಯೂಟರ್ ಅಂಗಡಿಯಲ್ಲಿ ಸಿದ್ಧವಾದ ಹೊಳೆಯುವ ವರದಿಗಿಂತ ಕೆಸರು ಮೆತ್ತಿದ ದಿನಚರಿ ಪುಸ್ತಕಕ್ಕೆ ಬೆಲೆ ಹೆಚ್ಚು. ಗಿಡ, ಮೀನು, ಹಕ್ಕಿಗಳ ಹೆಸರನ್ನು ಕನ್ನಡದಲ್ಲೂ ಮನೆಯ ಭಾಷೆಯಾದ ತುಳು, ಬ್ಯಾರಿ, ತಮಿಳುಗಳಲ್ಲೂ ಬರೆದುಕೊಳ್ಳಲಿ. ಹೆಸರಿನೊಂದಿಗೆ ಎಷ್ಟೋ ತಿಳಿವಳಿಕೆ ಅಡಗಿರುತ್ತದೆ.

ನಾಲ್ಕು, ಸುರಕ್ಷತೆ. ಮಳೆಗಾಲದ ಹೊಳೆಗೆ ಯಾವ ಮಗುವೂ ಇಳಿಯಬಾರದು. ಆನೆ ಓಡಾಡುವ ತೋಟಗಳಿಗೆ ಬೆಳಗಿನ ಮಬ್ಬಿನಲ್ಲಿ ಕಳಿಸಬಾರದು. ಕಾಡಿಗೆ ಹೋಗುವುದಿದ್ದರೆ ಅರಣ್ಯ ಇಲಾಖೆಯ ಅನುಮತಿ, ಜೊತೆಗೆ ಹಿರಿಯರು ಕಡ್ಡಾಯ. ಬಹುಮಾನಕ್ಕಿಂತ ಮಕ್ಕಳ ಪ್ರಾಣ ದೊಡ್ಡದು.

ಐದು, ಇದು ಎಲ್ಲಕ್ಕಿಂತ ಮುಖ್ಯ. ಸ್ಪರ್ಧೆ ಮುಗಿದ ಮೇಲೆ ಆ ವರದಿ ಊರಿಗೆ ಮರಳಬೇಕು. ಗ್ರಾಮಸಭೆಯಲ್ಲಿ ಮಕ್ಕಳು ಅದನ್ನು ಓದಲಿ. ಅದಕ್ಕೂ ಮೊದಲು ಸಂಬಂಧಪಟ್ಟ ತೋಟದವರ ಮನೆಯ ಜಗಲಿಯಲ್ಲಿ ಕುಳಿತು ತೋರಿಸಲಿ. ಪದಕ ಬಂದರೆ ಸಂತೋಷ. ಬಾರದಿದ್ದರೂ ಹಳ್ಳಕ್ಕೆ ಒಂದು ತಂಗುಹೊಂಡ ಬಂದರೆ ಆ ತಂಡ ಗೆದ್ದಂತೆಯೇ. ಮುಂದಿನ ವರ್ಷದ ಮಕ್ಕಳು ಅದೇ ಮೂರು ಜಾಗಗಳಲ್ಲಿ ಮತ್ತೆ ಅಳೆಯಲಿ. ಹತ್ತು ವರ್ಷ ಹೀಗೆ ನಡೆದರೆ ಯಾವ ಇಲಾಖೆಯ ಬಳಿಯೂ ಇಲ್ಲದ ದಾಖಲೆ ಒಂದು ಸರಕಾರಿ ಪ್ರೌಢಶಾಲೆಯ ಕಪಾಟಿನಲ್ಲಿ ಇರುತ್ತದೆ.

ಪ್ರೀತಿಯ ವಿದ್ಯಾರ್ಥಿಗಳೇ, ಕೊನೆಯ ಮಾತು ನಿಮಗೆ. ತೀರ್ಪುಗಾರರು ನಿಮ್ಮಲ್ಲಿ "ಇದರಲ್ಲಿ ನೀವೇ ನೋಡಿದ್ದು ಯಾವುದು?" ಎಂದು ಕೇಳಿಯೇ ಕೇಳುತ್ತಾರೆ. ಆಗ ನೀವು ಯಾರ ಮುಖವನ್ನೂ ನೋಡುವಂತಾಗಬಾರದು. ನಿಮ್ಮ ಮಾರ್ಗದರ್ಶಕರು ಗೋಡೆ ನೋಡುವಂತೆಯೂ ಆಗಬಾರದು. ನಮ್ಮ ಕಪಾಟಿನಲ್ಲಿದ್ದ ಆ ದಿನಚರಿ ಪುಸ್ತಕವನ್ನು ಇಂದು ಇಲ್ಲಿಗೆ ತಂದಿದ್ದೇವೆ. ಅದರಲ್ಲಿ ಗುರುತಿಸಿದ ಮೂರು ಜಾಗಗಳು ಎಲ್ಲಿವೆ ಎಂಬುದು ನಮಗೆ ಗೊತ್ತು. ಈ ವರ್ಷ ಆ ಹಳ್ಳವನ್ನು ಮತ್ತೆ ಅಳೆಯಲು ಸಿದ್ಧರಿರುವ ತಂಡ ಸಭೆ ಮುಗಿದ ಮೇಲೆ ನಮ್ಮನ್ನು ಕಾಣಲಿ. ಈ ಸಲ ಮೊದಲು ತೋಟದವರ ಮನೆಗೆ ಹೋಗೋಣ. ನಿಮ್ಮೊಂದಿಗೆ ನಾವೂ ಬರುತ್ತೇವೆ.